ಹಲ್ಲಿನಿಂದ ಕೇಳುತ್ತಿದ್ದವರು

ಮೇಸ್ತ್ರಿಯ ಮುಂದಿನ ಹಲ್ಲುಗಳಲ್ಲಿ ಅರ್ಧಚಂದ್ರದಂಥ ಒಂದು ಸವಕಲು ಇತ್ತು. ಕಬ್ಬಿಣದ ಸರಳು ಕಚ್ಚಿ ಕಚ್ಚಿ ಆದದ್ದು. ಕೊಳವೆಯ ನೀರನ್ನು ಅಳೆಯುವ ಮೀಟರು ಕೆಟ್ಟಾಗಲೆಲ್ಲ ಅವರು ಸರಳಿನ ಒಂದು ತುದಿಯನ್ನು ಅದರ ಹಿತ್ತಾಳೆ ಮೈಗೊತ್ತಿ, ಇನ್ನೊಂದನ್ನು ಕಚ್ಚಿ ಕಣ್ಣು ಮುಚ್ಚುತ್ತಿದ್ದರು. ಸವಕಲು ಎಡಕ್ಕಿತ್ತೋ ಬಲಕ್ಕೋ, ಈಗ ಹೇಳಲಾರೆ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಪುಣೆಯಲ್ಲಿ ಬಿ.ಎಸ್ಸಿ. ಮುಗಿಸಿ ನಾನು ಗೋಕಾಕದ ಹತ್ತಿರ ಹೊಳೆದಂಡೆಯ ಒಂದು ಸಣ್ಣ ಬಣ್ಣದ ಕಾರ್ಖಾನೆ ಸೇರಿದ್ದೆ. ಬಾಯ್ಲರಿಗೂ ಬಣ್ಣದ ತೊಟ್ಟಿಗಳಿಗೂ ಹೋಗುವ ನೀರಿಗೆ ಮೀಟರುಗಳಿದ್ದವು. ಉಸ್ತುವಾರಿ ನನ್ನದು, ರಿಪೇರಿ ಮೇಸ್ತ್ರಿಯದು.

"ಮೊದಲ ಹೊಟ್ಟಿ ನೋಡಬೇಕ್ರಿ ಸಾಹೇಬ್ರ, ಆಮ್ಯಾಲ ತಲಿ," ಎನ್ನುತ್ತಿದ್ದರು. ಹೊಟ್ಟೆಯೆಂದರೆ ಮೀಟರಿನ ಒಳಬಾಯಿಯಲ್ಲಿ ಕಸ ತಡೆಯುವ ಜಾಳಿಗೆ; ತಲೆಯೆಂದರೆ ಮುಳ್ಳು ತಿರುಗುವ ಮುಖ. ಮುಳ್ಳು ನಿಧಾನವಾದರೆ ಹೆಚ್ಚಾಗಿ ಅಲ್ಲೇ ಹೊಳೆಯ ಕಸ ಸಿಕ್ಕಿರುತ್ತಿತ್ತು.

ಒಮ್ಮೆ ಬಾಯ್ಲರಿನ ಮೀಟರು ಹುಚ್ಚು ಹಿಡಿದಂತೆ ಓಡಿತು. ಬಾಯ್ಲರೇ ಸೋರುತ್ತಿದೆ ಎಂದೆ ನಾನು. ಮೇಸ್ತ್ರಿ ಸರಳು ಕಚ್ಚಿದರು. "ನೀರಷ್ಟ ಅಲ್ಲ, ಗಾಳೀನೂ ಹೊಂಟೈತಿ." ಪಂಪು ನೀರೆಳೆಯುವ ಕೊಳವೆಯ ಉದ್ದಕ್ಕೂ ಚಿಮಣಿ ದೀಪ ಹಿಡಿದು ನಡೆದರು. ಒಂದು ಜೋಡಣೆಯ ಬಳಿ ದೀಪದ ಕುಡಿ ಒಳಕ್ಕೆ ಬಾಗಿತು; ಅಲ್ಲಿ ಒಳಸೇರಿದ ಗಾಳಿಯೇ ಮೀಟರನ್ನು ಓಡಿಸುತ್ತಿತ್ತು. "ನೋಡ್ರಿ, ದೀಪಾನೂ ಕುಡ್ಯಾಕತ್ತೈತಿ! ನಿಮ್ಮ ಕಾಲೇಜಿನಾಗ ಹಲ್ಲಿಗಿ ಡಿಗ್ರಿ ಕೊಡ್ತಾರೇನ್ರಿ?"

"ಹಲ್ಲ ಬಿದ್ದ ಮ್ಯಾಲ ಏನ ಮಾಡ್ತೀರಿ?" ಎಂದೆ.

"ನಿಮ್ಮವು ಅದಾವಲ್ರಿ!"

ಅವರಿಗೆ ಕಿವಿ ಕೇಳಿಸುವುದಿಲ್ಲವೆಂದು ನನಗೆ ತಿಳಿದದ್ದು ಮಧ್ಯಾಹ್ನದ ಊಟಕ್ಕೆ ಕಾರ್ಖಾನೆಯ ಸೈರನ್ನು, ನಮ್ಮ ಕಡೆಯ ಭೋಂಗಾ, ಕೂಗಿದಾಗ. ನಾವೆಲ್ಲ ಎದ್ದರೂ ಅವರು ಮಾತ್ರ ತಲೆ ಎತ್ತಲಿಲ್ಲ. ಎದುರಿಗಿದ್ದವರ ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದರು; ಸರಳಿನ ನಡುಕ ಹಲ್ಲಿನ ಮೂಲಕ ತಲೆಯೊಳಗೆ ಹೋಗುತ್ತಿತ್ತು, ಅಷ್ಟೇ. ಗೊತ್ತಾದರೆ ಮ್ಯಾನೇಜರರು ಕೆಲಸದಿಂದ ತೆಗೆಯುವುದು ಖಾತ್ರಿ. ನಾನು ಬಾಯಿ ಬಿಡಲಿಲ್ಲ. ಯಾರಾದರೂ ಏನು ಕೇಳಿದರೂ ಅವರ ಮುಖದೆದುರು ನಿಂತು ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದೆ. ಪ್ರೀತಿಯಿಂದಲೇ ಹಾಗೆ ಮಾಡಿದೆನೆಂದು ನಂಬಿದ್ದೆ. ಆದರೆ ಅವರು ಕಂಡುಹಿಡಿದ ದೋಷಗಳು ಮ್ಯಾನೇಜರರಿಗೆ ಹೋಗುತ್ತಿದ್ದದ್ದು ನನ್ನ ವರದಿಯಾಗಿ. ಯಾವುದು ಎಷ್ಟಿತ್ತೋ, ಈಗ ಬೇರ್ಪಡಿಸಲಾರೆ.

ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಬಾಯ್ಲರಿನ ಕಾದ ನೀರನ್ನು ಬಣ್ಣದ ತೊಟ್ಟಿಗಳ ಕೊಳವೆಗೆ ಬಿಡುವ ಕವಾಟ ಗೋಡೆಯ ಆಚೆಗಿತ್ತು. ತೆರೆಯುವವನು ಮೊದಲು "ಬಿಡಲೇನ್ರಿ?" ಎಂದು ಕೂಗಬೇಕು. ಈಚೆಯಿಂದ ಉತ್ತರ ಬರದಿದ್ದರೆ ಯಾರೂ ಇಲ್ಲವೆಂದು ಅರ್ಥ. ಮೇಸ್ತ್ರಿ ಆ ಕೊಳವೆಯ ಮೀಟರು ಬಿಚ್ಚಿ ಕೂತಾಗ "ತಡೀರಿ!" ಎಂದು ಕೂಗುವವನು ನಾನು. ಆ ಪದ್ಧತಿ ನಾನು ಬರುವ ಮೊದಲೇ ಇತ್ತೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಾನೇ ಮಾಡಿದ್ದೇನೋ ಎಂಬ ಅನುಮಾನವೂ ಇದೆ.

ಹುಕ್ಕೇರಿಗೆ ಕನ್ಯೆ ನೋಡಲು ಒಂದು ದಿನದ ರಜೆ ಕೇಳಿದೆ. "ಹೋಗಿಬರ್ರಿ, ಹಲ್ಲ ಸುದ್ದ ಅದಾವಿಲ್ಲೋ ನೋಡಿ ಬರ್ರಿ," ಎಂದು ಮೇಸ್ತ್ರಿ ನಕ್ಕರು. ಅಂದು ಜಾಳಿಗೆ ಬಿಚ್ಚುವ ಕೆಲಸವಿದೆಯೆಂದು ನನಗೆ ಗೊತ್ತಿತ್ತೇ? ಗೊತ್ತಿರಲಿಲ್ಲವೆಂದು ಆಣೆ ಮಾಡಲಾರೆ.

ಆಚೆಯವನು ಎರಡೆರಡು ಸಲ ಕೂಗಿದನಂತೆ. ಉತ್ತರ ಬರಲಿಲ್ಲ. ಬಿಚ್ಚಿಟ್ಟ ಮೀಟರಿನ ಬಾಯಿಂದ ಕಾದ ನೀರು ಮೇಸ್ತ್ರಿಯ ಎದೆಗೆ ನುಗ್ಗಿತು. ನಾನು ಮರಳುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಗುಟ್ಟು ಬಿಟ್ಟುಕೊಟ್ಟಿದ್ದರೆ ಕೆಲಸ ಹೋಗುತ್ತಿತ್ತು, ಜೀವ ಉಳಿಯುತ್ತಿತ್ತು.

ಮೂಡಲಗಿಯ ಅವರ ಮನೆಗೆ ಹೋದೆ. ಹೆಂಡತಿ ಚಹಾ ಕೊಟ್ಟು ಎದುರಿಗೆ ಕೂತರು.

"ಅವರಿಗಿ ಕೇಳಸ್ತಿರಲಿಲ್ಲ ಅನ್ನೂದು ನನಗ ಗೊತ್ತಿತ್ತು ತಮ್ಮಾ. ಕಾರ್ಖಾನಿಗಿ ಹೋಗಬ್ಯಾಡ್ರಿ ಅಂದ್ರ, 'ಅಂಜಬ್ಯಾಡ, ನನ್ನ ಕಿವಿ ಅಲ್ಲೇ ಐತಿ' ಅಂತಿದ್ರು. ನೀನ ಅಲ್ಲೇನಪಾ ಆ ಕಿವಿ?"

ನಾನು ಏನೆಂದೆನೋ ನೆನಪಿಲ್ಲ. ಆಕೆ ನಾನು ಕುಡಿಯದ ಚಹಾದ ಬಟ್ಟಲನ್ನು ಒಳಗೆ ತೆಗೆದುಕೊಂಡು ಹೋದರು.