ಹಗಲೆಲ್ಲ ಮಂಚಕ್ಕೆ ರಜೆ

ನಮ್ಮ ಕಡೆ ಬೀಮಾರಿ ಬಿದ್ದವರನ್ನು ಮಾತಾಡಿಸಲು ಬರುವವರಿಗೆ ಒಂದು ನಿರೀಕ್ಷೆ ಇರುತ್ತದೆ. ಬೀಮಾರಿಯವರು ಮಲಗಿರಬೇಕು. ಎದ್ದು ಕೂತಿದ್ದರೆ ಬಂದವರಿಗೆ ಸಮಾಧಾನವಿಲ್ಲ; ತಂದ ಬ್ರೆಡ್ಡು ಯಾರ ಕೈಗೆ ಕೊಡಬೇಕೆಂಬುದೂ ತಿಳಿಯುವುದಿಲ್ಲ. ಹೀಗಾಗಿ ವಾಡಿಯಲ್ಲಿರುವ ನಮ್ಮ ಮನೆಗೆ ನನ್ನ ತಂಗಿ ಬಂದಾಗ ನಾನು ಮಾಡಿದ ಮೊದಲ ಕೆಲಸವೆಂದರೆ ನಡುಮನೆಯಲ್ಲಿ ಮಂಚ ಹಾಕಿದ್ದು.

ತಂಗಿಗೆ ಶಹಾಬಾದಿನಲ್ಲಿ ಹೊಲಿಗೆ ಅಂಗಡಿ. ಅದರ ಹಿಂದಿನ ಖೋಲಿಯಲ್ಲಿ ಒಬ್ಬಳೇ ಇರುತ್ತಿದ್ದಳು. ಮೊದಲು ನಿದ್ದೆ ಕೆಟ್ಟಿತು. ಆಮೇಲೆ, ಎದುರಿನ ಕಲ್ಲು ಪಾಲಿಶ್ ಮಾಡುವ ಯಂತ್ರದ ಸದ್ದಿನೊಳಗೆ ಯಾರೋ ತನ್ನ ಬಗ್ಗೆ ಮಾತಾಡುತ್ತಾರೆ ಎನ್ನತೊಡಗಿದಳು. ಯಂತ್ರ ನಿಂತ ಮೇಲೂ ಮಾತು ನಿಲ್ಲಲಿಲ್ಲ. ಕಲಬುರಗಿಯ ಆಸ್ಪತ್ರೆಯಲ್ಲಿ ಗುಳಿಗೆ ಶುರುವಾಗಿ ಮಾತು ಸಣ್ಣಗಾದವು, ಆದರೆ ನಿದ್ದೆ ಮರಳಲಿಲ್ಲ. ಅದು ಸರಿಹೋಗುವ ತನಕ ಒಬ್ಬಳೇ ಇರುವುದು ಬೇಡ ಎಂದರು ಡಾಕ್ಟರು. ಅವಳಿಗೋ ಪಂಚಮಿ ಹಬ್ಬದ ಕುಪ್ಪಸಗಳ ಚಿಂತೆ. ಆ ಹೊತ್ತಿಗೆ ಅಂಗಡಿ ತೆರೆಯದಿದ್ದರೆ ಗಿರಾಕಿಗಳು ಬೇರೆ ಕಡೆ ಹೋಗಿ ಅಲ್ಲೇ ಉಳಿದುಬಿಡುತ್ತಾರೆ.

ನಾನು ಚಿತ್ತಾಪುರದಲ್ಲಿ ಹುಡುಗಿಯರ ಹಾಸ್ಟೆಲ್ ನೋಡಿಕೊಂಡವಳು. ಊಟ, ಓದು, ದೀಪ ಆರಿಸುವುದು, ಎಲ್ಲಕ್ಕೂ ಗಂಟೆ. ತಂಗಿಗೂ ಅದೇ ಕ್ರಮ ಹಾಕಿದೆ. ಊಟವಾದ ಕೂಡಲೇ ಮಂಚ. ರಾತ್ರಿ ಬಾರದ ನಿದ್ದೆ ತುಂಬಿಕೊಳ್ಳಲಿ ಎಂದು ಹಗಲೂ ಮಂಚ. ಚಹಾ, ಬಂದವರೊಡನೆ ಮಾತು, ಎಲ್ಲ ಅದರ ಮೇಲೆಯೇ.

ಆಸ್ಪತ್ರೆಯಲ್ಲಿ ಗುಳಿಗೆ ಬರೆಯುವ ಡಾಕ್ಟರಲ್ಲದೆ, ಮಾತಿನಿಂದಲೇ ಚಿಕಿತ್ಸೆ ಕೊಡುವ ಮೇಡಂ ಒಬ್ಬರಿದ್ದರು.

“ರಾತ್ರಿ ಮಂಚದ ಮ್ಯಾಲ ಏನ್ ಮಾಡ್ತೀರಿ?” ಎಂದು ತಂಗಿಯನ್ನು ಕೇಳಿದರು.

“ಅಕ್ಕ ಮಲಗು ಅಂತಾಳ, ಮಲಗ್ತೀನ್ರಿ.”

“ನಿದ್ದಿ?”

“ಅದು ಅಕ್ಕನ ಮಾತು ಕೇಳಂಗಿಲ್ರಿ. ಹಾಸ್ಟೆಲ್ ಹುಡುಗ್ಯಾರಿಗಿದ್ದ ಅಂಜಿಕಿ ಅದಕ್ಕಿಲ್ಲ.”

ಮೇಡಂ ನಕ್ಕರು. ನಾನೂ ನಗಬೇಕಾಯಿತು.

“ನಿದ್ದಿ ಹತ್ತಿತು ಅಂತೀವಿ, ಹೌದಿಲ್ಲೋ? ಅದು ತಾನ ಬಂದು ಹತ್ತಬೇಕ್ರಿ. ಹಾದಿ ಕಾಯ್ಕೋತ ಬಿದ್ದುಕೊಂಡ್ರ ಕಿವಿ ಖಾಲಿ ಇರ್ತಾವ, ಆ ಮಾತು ಕೇಳಸ್ತಾವ. ಮಾತು ಕೇಳಿದ್ರ ನಿದ್ದಿ ಕೆಡ್ತದ, ನಿದ್ದಿ ಕೆಟ್ರ ಮಾತು ಇನ್ನಾ ಜೋರಾಗ್ತಾವ.”

ಗುಳಿಗೆ ಹೇಗಿತ್ತೋ ಹಾಗೇ ಇರಲಿ, ಆದರೆ ನಿದ್ದೆಗೆ ಕಣ್ಣು ಎಳೆಯುವ ತನಕ ಮಂಚದ ಹತ್ತಿರ ಹೋಗಬೇಡಿ ಎಂದರು. ಮಲಗಿದ ಮೇಲೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂಡಬೇಕು. ಹಗಲು ಮಂಚಕ್ಕೆ ರಜೆ. ಬೆಳಿಗ್ಗೆ ಏಳುವ ಹೊತ್ತು ಮಾತ್ರ ದಿನವೂ ಒಂದೇ. ಆ ಕೊನೆಯ ಮಾತು ನನಗೆ ಭಾಳ ಹಿಡಿಸಿತು. ಗಂಟೆ ನನ್ನ ಕೈಯಲ್ಲೇ ಉಳಿಯಿತಲ್ಲ.

ಆ ವಾರವೇ ಕುರಕುಂಟಾದಿಂದ ನಮ್ಮ ಸೋದರತ್ತೆ ಬಂದಳು. ತಂಗಿ ನೆಲದ ಮೇಲೆ ಚಾಪೆ ಹಾಸಿಕೊಂಡು ನನ್ನ ಹಳೆಯ ಸೀರೆಗೆ ಫಾಲ್ ಹಚ್ಚುತ್ತಿದ್ದಳು.

“ಯವ್ವಾ, ಆರಾಮಿಲ್ಲದಾಕಿ ಕುಂತಾಳಲ್ಲ. ಮಲಗವ್ವ, ಮಲಗು.”

“ಹಗಲೊತ್ತು ಮಲಗಬ್ಯಾಡ ಅಂದಾರ ಅತ್ತಿ, ದವಾಖಾನ್ಯಾಗ.”

“ಎಂಥಾ ದವಾಖಾನಿ ಅದು? ಇಷ್ಟು ಹೇಳಾಕ ಕಲಬುರಗಿ ತನಕ ಕರಸ್ತಾರೇನು?”

“ನೀನ ಮಲಗು ಅತ್ತಿ. ಬಸ್ಸಿನಾಗ ದಣಿದು ಬಂದೀ.”

ಬೇಡ ಬೇಡ ಎನ್ನುತ್ತಲೇ ಅತ್ತೆ ಮಂಚ ಏರಿದಳು. ಚಹಾ ಕುದಿಯುವುದರೊಳಗೆ ಗೊರಕೆ. ತಂಗಿ ಸೂಜಿ ಹಿಡಿದುಕೊಂಡೇ ಅವಳನ್ನು ನೋಡಿದಳು.

“ನೋಡಕ್ಕಾ, ಇದಕ್ಕ ಅಂತಾರ ನಿದ್ದಿ ಹತ್ತೋದು,” ಎಂದು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ಮೊದಮೊದಲು ಸುಲಭವಿರಲಿಲ್ಲ. ಹಗಲೆಲ್ಲ ತೂಕಡಿಕೆ. ನಡುವೆ ಮಾತು ಜೋರಾಗಿ ಹೆದರಿದಳು; ಆಸ್ಪತ್ರೆಗೆ ಓಡಿದೆವು. ಮೇಡಂ ಡಾಕ್ಟರೊಡನೆ ಮಾತಾಡಿ ರಾತ್ರಿ ಸ್ವಲ್ಪ ಬೇಗ ಮಲಗಲು ಬಿಟ್ಟರು, ಮಾತು ಕೇಳಿಸಿದಾಗ ಕೈಗೆ ಏನಾದರೂ ಕೆಲಸ ಹಚ್ಚಿ ಎಂದರು. ನಮ್ಮ ಓಣಿಯ ಅರ್ಧ ಸೀರೆಗಳಿಗೆ ಆಗ ಫಾಲ್ ಬಿದ್ದವು.

ಒಂದು ಬೆಳಿಗ್ಗೆ ಹೆಸರು ಹಿಡಿದು ಕರೆದರೂ ಅವಳು ಏಳಲಿಲ್ಲ. ಭುಜ ಹಿಡಿದು ಅಲುಗಿಸಬೇಕಾಯಿತು. ಹಾಸ್ಟೆಲಿನಲ್ಲಿ ಇಂಥ ಹುಡುಗಿಯರನ್ನು ಬಯ್ಯುತ್ತಿದ್ದವಳು ಅಂದು ಅವಳಿಗೆ ಶಿರಾ ಮಾಡಿ ಹಾಕಿದೆ.

“ಆ ಮಾತು ಇನ್ನೂ ಅದಾವೇನು?” ಎಂದು ಕೇಳಿದೆ.

“ಅದಾವ. ಆದ್ರ ಬಾಜೂ ಓಣ್ಯಾಗ ಇದ್ದಂಗ ಅದಾವ. ನಾ ಏನ್ ಹೋಗಿ ಕೇಳಂಗಿಲ್ಲ.”

ಅವಳು ಶಹಾಬಾದಿಗೆ ಮರಳಲು ಪಂಚಮಿಗೆ ಮೊದಲೇ ಡಾಕ್ಟರು ಒಪ್ಪಿದರು. ಕೆಲವು ದಿನ ನಾನು ಜೊತೆಗಿದ್ದು ಬಂದೆ. ಆಮೇಲಿನ ಭಾನುವಾರ ಹೋದಾಗ ಅಂಗಡಿಯ ತುಂಬ ಹೆಂಗಸರು.

“ಅಕ್ಕಾ, ಜರಾ ಕುಂದ್ರು. ತೋಳು ಹಚ್ಚಲಿಕತ್ತೀನಿ,” ಎಂದಳು, ತಲೆ ಎತ್ತದೆ.

ಸರದಿಯಲ್ಲಿದ್ದ ಒಬ್ಬಾಕೆ ಇಷ್ಟು ದಿನ ಎಲ್ಲಿ ಹೋಗಿದ್ದೆ ಎಂದು ತಂಗಿಯನ್ನು ಕೇಳಿದಳು. ನಾನು ಏನಾದರೂ ಹೇಳಿ ಮಾತು ಮರೆಸೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ತಂಗಿ ಎದ್ದು ನಿಂತಳು.

“ಆರಾಮಿರಲಿಲ್ಲವ್ವ. ನಿದ್ದಿ ಕೆಟ್ಟಿತ್ತು, ಇಲ್ಲದ ಮಾತು ಕೇಳಸ್ತಿದ್ವು. ಈಗ ಔಷಧ ತಗೋಳಿಕತ್ತೀನಿ, ನಿದ್ದಿನೂ ಬರ್ತದ. ಕೈ ಎತ್ತು, ಅಳತಿ ತಗೋತೀನಿ.”

ಆಕೆ ಕೈ ಎತ್ತಿದಳು.