ನೀರು ಹೊಡೆದ ನೆಲ

ನೀರಿನ ಟ್ಯಾಂಕರ್ ಬಂದದ್ದು ಹೆಲಿಕಾಪ್ಟರ್ ಇಳಿದ ಮೇಲೋ? ಇಲ್ಲ, ಮೊದಲೇ ಇರಬೇಕು. ಯಾರೋ ದೊಡ್ಡವರು ಬರುವರೆಂದು ಬಬಲೇಶ್ವರದ ಹೊರಗೆ, ಸಾರವಾಡದ ಕಡೆಯ ಖಾಲಿ ಹೊಲವೊಂದರಲ್ಲಿ ಸುಣ್ಣದಿಂದ ವೃತ್ತ ಬರೆದಿದ್ದರು. ಧೂಳು ಏಳದಿರಲೆಂದು ನಮ್ಮಲ್ಲಿ ಮೊದಲು ನೆಲಕ್ಕೆ ನೀರು ಹೊಡೆಯುತ್ತಾರೆ. ವಿಜಯಪುರದಲ್ಲಿ ಅಣ್ಣನ ಕಾಲನ್ನು ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ನಾನೇ ಬೈಕು ಅತ್ತ ತಿರುಗಿಸಿದೆ ಎಂದು ನನ್ನ ನೆನಪು. ಅವನೇ ಹಟ ಮಾಡಿದನೆಂದು ಅವ್ವ ಹೇಳುತ್ತಾಳೆ. ಅವಳು ಅಲ್ಲಿರಲಿಲ್ಲ.

ಅಣ್ಣ ಸೈನ್ಯದಲ್ಲಿದ್ದ. ಉತ್ತರದ ಹಿಮದ ಬೆಟ್ಟಗಳಲ್ಲಿ ಹೆಲಿಕಾಪ್ಟರ್ ಇಳಿಯುವಾಗ ಬಾಗಿಲಲ್ಲಿ ಬಗ್ಗಿ ನೋಡುತ್ತ, ಬಾಲ ಬಂಡೆಯ ಹತ್ತಿರ ಬಂದರೆ ಪೈಲಟ್‌ಗೆ ಕೂಗಿ ಹೇಳುವುದು ಅವನ ಕೆಲಸ. ಒಂದು ದಿನ ಬಾಲ ತಾಗಿತು. ಪೈಲಟ್ ಉಳಿಯಲಿಲ್ಲ. ಅಣ್ಣ ಕುಂಟುತ್ತ ತಿಕೋಟಾದ ಮನೆಗೆ ಬಂದ. ಎತ್ತರದ ತೆಳು ಗಾಳಿ ಯಂತ್ರವನ್ನು ಹೊರಲಾರದೆ ಹೋಗಿರಬಹುದು, ಕಣಿವೆಯ ಗಾಳಿ ಥಟ್ಟನೆ ತಿರುಗಿರಬಹುದು, ಹಿಟ್ಟಿನಂಥ ಹಿಮ ಎದ್ದು ನೆಲವೇ ಕಾಣದೆ ಹೋಗಿರಬಹುದು ಎಂದರು ವಿಚಾರಣೆಯವರು. ಅಣ್ಣನಿಗೆ ಬೇಕಿದ್ದದ್ದು ಬೇರೆ. ತಾನು ಕೂಗಿದ್ದೆನೋ ಇಲ್ಲವೋ? ಅದೊಂದೇ ಅವನಿಗೆ ನೆನಪಿರಲಿಲ್ಲ. ಹುಡುಕಿ ಹುಡುಕಿ ಅವನು ಸೋತಿದ್ದ. ನೋಡಿ ನೋಡಿ ನಾವೂ.

ಟ್ಯಾಂಕರಿನವನು ನಮ್ಮೂರಿನವನೇ.

"ಏನ್ರಿ ಫೌಜಿ, ಅಲ್ಲಿ ನಿಮಗ ಯಾರೂ ನೀರ ಹೊಡೀಲಿಲ್ಲೇನ್ರಿ?"

"ಹಿಮಕ್ಕ ನೀರ ಹೊಡದ್ರ ಅದೂ ಹಿಮಾನ ಆಗ್ತದಲೇ ಹುಚ್ಚಪ್ಪ," ಎಂದ ಅಣ್ಣ.

"ಹಂಗಾರ ನನ್ನ ಟ್ಯಾಂಕರಿಗೆ ಅಲ್ಲಿ ಕೆಲಸಿಲ್ಲ ಬಿಡ್ರಿ."

ಅಣ್ಣ ನಕ್ಕ. ಊರಿಗೆ ಬಂದ ಮೇಲೆ ಅದೇ ಅವನ ಮೊದಲ ನಗು ಎಂದು ಬರೆಯಬಹುದು. ಕತೆಗೆ ಬಹಳ ಚೆನ್ನಾಗಿ ಹೊಂದುತ್ತದೆ. ಅದಕ್ಕೇ ನನಗೆ ನಂಬಿಕೆಯಿಲ್ಲ.

ಟ್ಯಾಂಕರಿನವನು ವೃತ್ತದೊಳಗಷ್ಟೇ ನೀರು ಹೊಡೆದಿದ್ದ. ಸುತ್ತಲಿನ ಮಣ್ಣು ಒಣಗಿಯೇ ಇತ್ತು. ಹೆಲಿಕಾಪ್ಟರ್ ತಗ್ಗುತ್ತಲೇ ಆ ಮಣ್ಣೆಲ್ಲ ಎದ್ದು ಸುಣ್ಣದ ಗೆರೆ, ಜನ, ಟ್ಯಾಂಕರ್, ಎಲ್ಲವನ್ನೂ ಮುಚ್ಚಿತು. ಅಣ್ಣ ನನ್ನ ಹೆಗಲು ಹಿಡಿದುಕೊಂಡ. ಬೆರಳುಗಳು ನೋಯುವಷ್ಟು ಒತ್ತಿದವು. ಅವನ ಬಾಯಿ ತೆರೆದಿತ್ತು. ಆ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ.

ಏನೂ ಆಗಲಿಲ್ಲ. ಹೆಲಿಕಾಪ್ಟರ್ ಸುಮ್ಮನೆ ಇಳಿದು ನಿಂತಿತು. ಜನ ಕಣ್ಣುಜ್ಜಿಕೊಳ್ಳುತ್ತ ಟ್ಯಾಂಕರಿನವನನ್ನು ಬೈದರು.

"ತಮ್ಮಾ, ಈಗ ನಾ ಒದರಿದ್ನೇನ?" ಅಣ್ಣ ಕೇಳಿದ.

"ಹೂಂ, ಒದರಿದಿ."

"ಅದು ನೆಲಾ ಮುಟ್ಟೂಕಿಂತ ಮೊದಲೋ, ಆಮ್ಯಾಲೋ?"

"ಮೊದಲ," ಎಂದೆ, ತಡಮಾಡದೆ.

ಅವನು ನನ್ನ ಕಡೆ ತಿರುಗಿದ. "ನೀ ನನ್ನ ಮಾರಿ ನೋಡಾಕತ್ತಿದ್ದೆಯೋ, ಹೆಲಿಕಾಪ್ಟರ್ ನೋಡಾಕತ್ತಿದ್ದೆಯೋ?"

ನಾನು ಬೈಕಿಗೆ ಕಿಕ್ ಹೊಡೆದೆ. ಆಮೇಲೆ ಅವನು ಆ ಮಾತು ಮತ್ತೆ ಕೇಳಲಿಲ್ಲ.

ಆ ಧೂಳಿನಲ್ಲಿ ನಾನು ಏನು ನೋಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಬೆಟ್ಟದ ಮೇಲೆ ಅವನು ಕೂಗಿದ್ದನೋ ಇಲ್ಲವೋ, ಅದೂ ಗೊತ್ತಿಲ್ಲ.