ಕಾಫಿ ಗಿರಣಿಯಾದ ರಾಗಿಕಲ್ಲು

ನಾನು ಕದ್ದದ್ದು ಒಂದು ಕಥೆ. ಕದ್ದದ್ದು ಎಂಬತ್ತು ದಾಟಿದ ಹಿರಿಯರೊಬ್ಬರಿಂದ, ಅದೂ ಅವರು ಮುಂದಿನ ಸಾಲಿನಲ್ಲಿ ಕುಳಿತು ನೋಡುತ್ತಿರುವಾಗಲೇ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಸುತ್ತಿ ಬಳಸಿ ಕೊನೆಗೆ ನಾನೇ ಒಳ್ಳೆಯವನಾಗಿಬಿಡುತ್ತೇನೆ. ಆ ಚಾಳಿ ನನಗಿದೆ.

ನಮ್ಮ ಮನೆ ಸಿಂಗಪುರದ ಚೋವಾ ಚು ಕಾಂಗ್‌ನಲ್ಲಿ. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರ ತಪ್ಪು ಹುಡುಕುವುದೇ ಹೊಟ್ಟೆಪಾಡು. ಉಳಿದ ಹೊತ್ತಿಗೆ ಹಳೆಯ ಮೂಕಿ ಚಿತ್ರಗಳ ಹುಚ್ಚು. ಇಲ್ಲಿನ ಕನ್ನಡದವರು ತಿಂಗಳಿಗೊಮ್ಮೆ ಸೇರುವ ಕೂಟದಲ್ಲಿ ಏನಾದರೂ ಮಾತಾಡಿ ಎಂದಾಗ, ಅಮೆರಿಕದ ಮೊದಮೊದಲ ಛಾಯಾಗ್ರಾಹಕನೊಬ್ಬನ ಬದುಕನ್ನು ಆರಿಸಿಕೊಂಡೆ. ಹಳೇ ಮೈಸೂರಿನ ಕಡೆಯವರಿಗೆ ಅಮೆರಿಕದ ಕಥೆ ಹೇಳಿದರೆ ನಾನು ದೊಡ್ಡವನಾಗಿ ಕಾಣುತ್ತೇನೆ ಎಂಬ ಲೆಕ್ಕವೂ ಒಳಗೊಳಗೇ ಇತ್ತು.

ಆತ ಫೋಟೋ ಸ್ಟುಡಿಯೊವೊಂದರಲ್ಲಿ ಗಾಜಿನ ಫಲಕ ತೊಳೆಯುತ್ತಿದ್ದವನು. ಸಿನಿಮಾ ಎಂಬ ಹೊಸ ಆಟ ಬಂದಾಗ ಅಲ್ಲಿಗೆ ಹಾರಿದ. ಆಗ ಶೂಟಿಂಗ್‌ಗೆ ದೀಪಗಳಿರಲಿಲ್ಲ. ಕಟ್ಟಡದ ತಾರಸಿಯ ಮೇಲೆ ಮನೆಯ ಸೆಟ್ ಹಾಕಿ, ಮೇಲೆ ತೆಳು ಬಟ್ಟೆ ಕಟ್ಟಿ, ಬಿಸಿಲನ್ನು ಸೋಸಿ ಚಿತ್ರ ತೆಗೆಯುತ್ತಿದ್ದರು. ಕ್ಯಾಮರಾಕ್ಕೆ ಮೋಟಾರೂ ಇರಲಿಲ್ಲ, ಬದಿಯಲ್ಲೊಂದು ಹಿಡಿಕೆ. ಸೆಕೆಂಡಿಗೆ ಎರಡು ಸುತ್ತು, ಬೆಳಗಿನಿಂದ ಸಂಜೆಯವರೆಗೆ ಒಂದೇ ಹದದಲ್ಲಿ ತಿರುಗಿಸಬೇಕು. ಒಮ್ಮೆ ಊಟದ ಹೊತ್ತಿನಲ್ಲಿ, ಬೆನ್ನಿಗೆ ಬಿಸಿಲು ಬೀಳುವಂತೆ ಕುಳಿತಿದ್ದ ನಟಿಯನ್ನು ಸುಮ್ಮನೆ ಚಿತ್ರಿಸಿದ. ಕೂದಲ ಅಂಚೆಲ್ಲ ಬೆಳಗಿತು. ಜನ ಮರುಳಾದರು, ಹೊಗಳಿಕೆ ಮಾತ್ರ ನಿರ್ದೇಶಕನಿಗೆ ಹೋಯಿತು. ಮಾತಿನ ಚಿತ್ರಗಳು ಬಂದು ಕ್ಯಾಮರಾಕ್ಕೆ ಮೋಟಾರು ಕೂತಾಗ ಅವನ ಕೈಗೆ ಬೆಲೆ ಹೋಯಿತು. ಕೊನೆಗಾಲದಲ್ಲಿ ಅಂಗಡಿಯೊಂದರಲ್ಲಿ ಬೇರೆಯವರ ಕ್ಯಾಮರಾ ರಿಪೇರಿ ಮಾಡುತ್ತಿದ್ದನಂತೆ.

ಬದುಕೇನೋ ಸಿಕ್ಕಿತು, ಜೀವ ಸಿಕ್ಕಿರಲಿಲ್ಲ. ಆ ಹಿಡಿಕೆ ತಿರುಗಿಸುವವನ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೆಂದು ಯಾವ ಪುಸ್ತಕವೂ ನನಗೆ ಹೇಳಲಿಲ್ಲ. ಒಂದು ಸಂಜೆ ನಮ್ಮ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ಕಟ್ಟಡದ ಕೆಳಗಿನ ತೆರೆದ ಜಗಲಿಯಲ್ಲಿ, ಕಲ್ಲಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಹಳೇ ಕ್ಯಾಮರಾದ ಚಿತ್ರ ನೋಡುತ್ತಾ ಕೂತಿದ್ದೆ. ಪಕ್ಕದ ಬ್ಲಾಕಿನಲ್ಲಿ ಮಗನ ಮನೆಗೆ ಬಂದಿದ್ದ ಹಿರಿಯರು ವಾಕಿಂಗ್ ನಿಲ್ಲಿಸಿ ಇಣುಕಿದರು.

“ಹ್ಯಾಂಡಲ್ ಕ್ಯಾಮರಾ ಅಲ್ವೇನಪ್ಪಾ ಅದು? ನಾನು ತಿರುಗ್ಸಿದೀನಿ.”

ಬ್ಲಾಕ್ ಅಂಡ್ ವೈಟ್ ಕಾಲದ ಕನ್ನಡ ಚಿತ್ರಗಳಲ್ಲಿ ಅವರು ಕ್ಯಾಮರಾ ಅಸಿಸ್ಟೆಂಟ್ ಆಗಿದ್ದರು. ಒಮ್ಮೆ ಕೆರೆ ಏರಿಯ ಮೇಲೆ ಶೂಟಿಂಗ್. ನಾಯಕಿಯ ಗಾಡಿ ಊರು ಬಿಟ್ಟು ಹೋಗುವ ದೃಶ್ಯ. ಬ್ಯಾಟರಿ ಕೈಕೊಟ್ಟಿತು, ಬಿಸಿಲು ಇಳಿಯುತ್ತಿತ್ತು. ಕ್ಯಾಮರಾಮನ್ ಪೆಟ್ಟಿಗೆಯ ತಳದಿಂದ ಹಿಡಿಕೆಯ ಹಳೇ ಕ್ಯಾಮರಾ ತೆಗೆದು ಹುಡುಗರನ್ನು ಕೇಳಿದರಂತೆ: ನಿಮ್ಮಲ್ಲಿ ಯಾರಿಗೆ ರಾಗಿ ಬೀಸಿ ಅಭ್ಯಾಸ?

“ನಾನು ಕೈ ಎತ್ತಿದೆ ಕಣಪ್ಪ. ನಮ್ಮಮ್ಮನ ಎದುರಿಗೆ ಕೂತು ದಿನಾ ಬೀಸ್ತಿದ್ದೆ. ವೇಗ ಬೇರೆ, ಹದ ಒಂದೇ. ಕಲ್ಲು ಜೋರಾಗಿ ಎಳೆದ್ರೆ ಹಿಟ್ಟು ತರಿ ಬೀಳುತ್ತೆ, ಅಮ್ಮ ಕಣ್ಣಲ್ಲೇ ಗದರ್ಸೋಳು. ಅವಳು ಎದುರಿಗೆ ಕೂತವಳೆ ಅನ್ಕೊಂಡೆ. ಕೈ ತಾನಾಗೇ ಹೋಯ್ತು.”

ಮೂರು ವಾರ ದಿನಾ ಸಂಜೆ ಕೂತೆವು. ಕೈ ನಿಧಾನವಾದರೆ ಪರದೆಯ ಮೇಲೆ ಜನ ಓಡುತ್ತಾರೆ, ಕೈ ಚುರುಕಾದರೆ ತೇಲುತ್ತಾರೆ ಎಂದು ಗಾಳಿಯಲ್ಲೇ ಹಿಡಿಕೆ ತಿರುಗಿಸಿ ತೋರಿಸುತ್ತಿದ್ದರು. ಕೊನೆಗೊಂದು ದಿನ ಸಂಕೋಚದಿಂದ ಕೇಳಿದರು.

“ನಿನ್ನ ಭಾಷಣದಲ್ಲಿ ನಂದೂ ಒಂದು ಮಾತು ಹೇಳ್ತೀಯಾ? ಮನೇಲಿ ಹೇಳಿದ್ರೆ ತಾತ ರೀಲು ಬಿಡ್ತಾರೆ ಅಂತಾರೆ. ಮೈಕಲ್ಲಿ ನಿನ್ನಂಥೋನು ಹೇಳಿದ್ರೆ ನಂಬ್ತಾರೆ.”

“ಒಂದು ಮಾತೇನ್ ಅಂಕಲ್, ಸ್ಟೇಜ್‌ಗೇ ಕರೀತೀನಿ.”

ಮರುದಿನ ತಮ್ಮ ಹಳೆಯ ಫೋಟೋ ತಂದುಕೊಟ್ಟರು. ಕ್ಯಾಮರಾ ಪಕ್ಕ ನಿಂತ ತೆಳ್ಳನೆಯ ಯುವಕ. ಅದನ್ನು ಸ್ಕ್ಯಾನ್ ಮಾಡಿ ಕೊನೆಯ ಸ್ಲೈಡಿಗೆ ಹಾಕಿದೆ. ಆಗ ನನ್ನ ಮನಸ್ಸು ನಿಜಕ್ಕೂ ಶುದ್ಧವಾಗಿತ್ತು.

ಹಾಳಾದದ್ದು ಅಭ್ಯಾಸ ಮಾಡುವಾಗ. ಅಮೆರಿಕದವನ ಕಥೆ ನಡುವೆ ಒಣಗುತ್ತಿತ್ತು. ಅಲ್ಲೊಂದು ರಾಗಿಕಲ್ಲು ಇದ್ದಿದ್ದರೆ ಎನಿಸಿತು. ಅಮೆರಿಕಕ್ಕೆ ರಾಗಿಕಲ್ಲು ಎಲ್ಲಿಂದ ಬರಬೇಕು? ಕಾಫಿ ಬೀಜ ಪುಡಿಮಾಡುವ ಕೈಗಿರಣಿ ಮಾಡಿದೆ. ತಾಯಿಯನ್ನು ಹಾಗೇ ಉಳಿಸಿಕೊಂಡೆ. ಮೊದಲು ‘ಹೀಗೂ ಇದ್ದಿರಬಹುದು’ ಎಂದು ಬರೆದಿದ್ದೆ. ಎರಡನೇ ಸಲ ಓದುವಾಗ ‘ಇದ್ದಿರಬಹುದು’ ಸಪ್ಪೆಯೆನಿಸಿ ಹೊಡೆದುಹಾಕಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾನು ಹಿತ್ತಲ ಗಿಡವನ್ನೇ ಕಿತ್ತು ಫಾರಿನ್ ಕುಂಡದಲ್ಲಿ ನೆಟ್ಟೆ.

ಭಾಷಣ ಜುರಾಂಗ್ ವೆಸ್ಟ್ ಕಡೆಯ ಕಾಂಡೋ ಅಪಾರ್ಟ್‌ಮೆಂಟ್ ಒಂದರ ಫಂಕ್ಷನ್ ರೂಮಿನಲ್ಲಿ. ಅಂಕಲ್ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಮಗ, ಸೊಸೆ, ಮೊಮ್ಮಗಳನ್ನೆಲ್ಲ ಕರೆದುಕೊಂಡು ಬಂದು ಮುಂದೆಯೇ ಕೂತಿದ್ದರು. ನಿರ್ದೇಶಕ ಆ ಬಡಪಾಯಿಯ ಹೆಸರು ನುಂಗಿದ ಭಾಗ ಬಂದಾಗ ನನಗೆ ನಿಜವಾಗಿಯೂ ಸಿಟ್ಟು ಬಂದು ದನಿ ಏರಿತು. ಈಗ ನೆನೆಸಿಕೊಂಡರೆ ಮೈ ಹಿಡಿಯಾಗುತ್ತದೆ. ಕಾಫಿ ಗಿರಣಿಯ ಕಡೆಗಂತೂ ಸಭೆ ಉಸಿರು ಬಿಗಿಹಿಡಿದು ಕೇಳಿತು. ಅಂಕಲ್ ಮುಖವನ್ನು ನಾನು ನೋಡಲಿಲ್ಲ. ನೋಡಬಾರದೆಂದೇ ಪರದೆಯ ಕಡೆ ತಿರುಗಿದ್ದೆ.

ಇನ್ನೊಂದೇ ಸ್ಲೈಡ್ ಇತ್ತು. ಆಗ ಕೂಟದ ಹಿರಿಯ ಸದಸ್ಯರೊಬ್ಬರು ಎದ್ದರು.

“ಆ ಕಾಫಿ ಗಿರಣಿ ವಿಷ್ಯ ಎಲ್ಲಿ ಸಿಕ್ತು ರೀ ನಿಮ್ಗೆ? ಏನ್ ರಿಸರ್ಚ್!”

ಒಂದು ಕ್ಷಣ ಸಾಕಿತ್ತು. ‘ಇಗೋ, ಇಲ್ಲಿ ಕೂತಿದ್ದಾರೆ’ ಎಂದು ಕೈ ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ಚಪ್ಪಾಳೆ ಹಂಚಿಹೋಗುತ್ತಿತ್ತು, ನನ್ನ ರಿಸರ್ಚ್ ಬಯಲಾಗುತ್ತಿತ್ತು.

“ಒಂದು ಹಳೇ ಅಮೆರಿಕನ್ ಪುಸ್ತಕದಲ್ಲಿ ಓದಿದ್ದು ಸರ್” ಎಂದೆ.

ಹಾಗೆಂದ ಮೇಲೆ ಕೊನೆಯ ಸ್ಲೈಡ್ ಹೇಗೆ ತೋರಿಸಲಿ? ಅಂಕಲ್ ಕರೆಯುತ್ತಾರೆಂದು ಶರ್ಟಿನ ಗುಂಡಿ ಸರಿಮಾಡಿಕೊಂಡು ಕುರ್ಚಿಯ ಅಂಚಿಗೆ ಬಂದಿದ್ದರು. ನಾನು ಟೈಮ್ ಆಯ್ತು ಎಂದು ಲ್ಯಾಪ್‌ಟಾಪ್ ಮುಚ್ಚಿದೆ. ಜೋರು ಚಪ್ಪಾಳೆ. ಅವರೂ ತಟ್ಟಿದರು.

ಒಂದು ವಾರ ವಾಯ್ಡ್ ಡೆಕ್ ತಪ್ಪಿಸಿ ಹಿಂದಿನ ದಾರಿಯಲ್ಲಿ ಓಡಾಡಿದೆ. ಆದರೆ ಫೋಟೋ ನನ್ನಲ್ಲೇ ಉಳಿದಿತ್ತು. ಭಾನುವಾರ ಅದನ್ನು ಹಿಂದಿರುಗಿಸಲು ಅವರ ಮನೆಗೆ ಹೋದೆ. ಕಾಲಿಗೆ ಬಿದ್ದಾದರೂ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಬಾಗಿಲು ತೆಗೆದ ಮಗ ಖುಷಿಯಾಗಿ ಒಳಗೆ ಕರೆದ, ಸೊಸೆ ಟೀ ತಂದಿಟ್ಟಳು. ಮೊಮ್ಮಗಳು ನನ್ನ ಬಳಿ ಓಡಿಬಂದಳು.

“ಅಂಕಲ್, ಯುವರ್ ಟಾಕ್ ಸೋ ನೈಸ್ ಲಾ! ತಾತಾನೂ ಆ ಬುಕ್ ಓದಿದಾರೆ. ಕಾಫಿದನ್ನ ರಾಗಿ ಅಂತ ಚೇಂಜ್ ಮಾಡಿ, ತಮ್ದೇ ಸ್ಟೋರಿ ಅಂತ ಹೇಳ್ತಾರೆ!”

ಮಗ ನಕ್ಕ. “ನಾನು ಚಿಕ್ಕೋನಿದ್ದಾಗಿಂದ ಕೇಳ್ತಿದೀನಿ ಈ ಕಥೆ. ಎಲ್ಲೋ ಸ್ವಲ್ಪ ನಿಜ ಇರ್ಬೋದು ಅನ್ಕೊಂಡಿದ್ದೆ. ನಿಮ್ಮಿಂದ ಗೊತ್ತಾಯ್ತು ನೋಡಿ ಎಲ್ಲಿಂದ ಬಂತು ಅಂತ.”

ಅಂಕಲ್ ಸೋಫಾದ ಮೂಲೆಯಲ್ಲಿ ಕನ್ನಡಕ ಒರೆಸುತ್ತಿದ್ದರು. ನಾನು ಕದ್ದದ್ದು ಕಥೆಯನ್ನಷ್ಟೇ ಎಂದುಕೊಂಡಿದ್ದೆ. ಅವರನ್ನು ಅವರ ಮನೆಯಲ್ಲೇ ಸುಳ್ಳುಗಾರರನ್ನಾಗಿ ಮಾಡಿ ಬಂದಿದ್ದೆ.

“ಪುಸ್ತಕ ಗಿಸ್ತಕ ಏನೂ ಇಲ್ಲ” ಎಂದೆ. “ಅದು ಅಂಕಲ್‌ದೇ ಕಥೆ. ನಾನು ಕದ್ದು ಅಮೆರಿಕದೋನ ತಲೆಗೆ ಕಟ್ಟಿದೆ. ಎಲ್ಲಾರ ಎದುರಿಗೆ ಸುಳ್ಳು ಹೇಳಿದ್ದು ನಾನು.”

ಮಗ ನನ್ನನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿ ನನ್ನ ಭುಜ ತಟ್ಟಿದ.

“ಅಪ್ಪಂಗೆ ಬೇಜಾರಾಗ್ಬಾರ್ದು ಅಂತ ಎಷ್ಟು ಚೆನ್ನಾಗಿ ಮ್ಯಾನೇಜ್ ಮಾಡ್ತಿದೀರಿ. ಪರ್ವಾಗಿಲ್ಲ ಬಿಡಿ, ವಯಸ್ಸಾದೋರು, ನಾವ್ಯಾರೂ ಸೀರಿಯಸ್ ಆಗಿ ತಗೊಂಡಿಲ್ಲ.”

“ಇಲ್ಲ, ನಿಜವಾಗ್ಲೂ...” ಎಂದು ಶುರುಮಾಡಿದೆ. ದನಿ ಏರಿಸಿದಷ್ಟೂ ನಾನು ಇನ್ನಷ್ಟು ಒಳ್ಳೆಯವನಾಗಿ ಕಾಣುತ್ತಿದ್ದೆ. ಹುಡುಗಿ ನನ್ನ ಕಡೆ ಮೆಚ್ಚುಗೆಯಿಂದ ನೋಡುತ್ತಿದ್ದಳು. ಕೊನೆಗೆ ಫೋಟೋ ಅಂಕಲ್ ಕೈಗಿತ್ತು, ಸಾಕ್ಷಿಗೆಂಬಂತೆ ಅವರ ಕಡೆ ತಿರುಗಿದೆ.

ಅವರು ಕನ್ನಡಕ ಹಾಕಿಕೊಂಡರು. “ಟೀ ಕುಡಿಯಪ್ಪ, ಆರೋಗುತ್ತೆ” ಎಂದರು. ಅಷ್ಟೆ. ಅವರು ಎದ್ದು ನಿಂತು ಎಲ್ಲರೆದುರು ನನ್ನನ್ನು ಕಳ್ಳ ಎಂದು ಬೈದಿದ್ದರೆ ಮನೆಯವರು ಬಹುಶಃ ನಂಬುತ್ತಿದ್ದರು. ಮನೆಗೆ ಬಂದ ಅತಿಥಿಯನ್ನು ಬೈಯಲು ಅವರಿಗೆ ಬಾಯಿ ಬರಲಿಲ್ಲ, ನಾನು ಟೀ ಕುಡಿದು ಬಂದೆ.